ಭಂಡಾರ ನುಂಗಿದ ಮೋಟಾರು

ನಮ್ಮಪ್ಪನ ಕಿವಿ ಕೆಡಿಸಿದ್ದು ಆ ಮೋಟಾರೇ. ರಾಯಬಾಗದ ಕಡೆಯ ದಂಡೆಯಿಂದ ಅಥಣಿಯ ಕಡೆಗೆ ಜನರನ್ನು ಕೃಷ್ಣೆ ದಾಟಿಸುವ ದೋಣಿ ನಮ್ಮದು. ಹುಟ್ಟು ಹಾಕಿ ಹಾಕಿ ಭುಜ ಸೋತ ಮೇಲೆ ಅಪ್ಪ ಮಿರಜದ ಗುಜರಿಯಿಂದ ಹಳೆಯ ಪೆಟ್ರೋಲ್ ಮೋಟಾರೊಂದನ್ನು ತಂದು ದೋಣಿಯ ಹಿಂಬದಿಗೆ ಸಿಕ್ಕಿಸಿದ್ದ. ಯಾವ ಕಾಲದ್ದೋ ಏನೋ, ನನಗಿಂತ ಹಿರಿಯದು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಪ್ಪನಿಗೆ ಎದುರು ನಿಂತು ಒದರಿದರೆ ಮಾತ್ರ ಕೇಳುತ್ತಿತ್ತು.

ಕಾರ್ಬೊರೇಟರನ್ನು ಸರಿ ಮಾಡುವುದು ಕಣ್ಣಿನಿಂದಲ್ಲ, ಕಿವಿಯಿಂದ. ಪೆಟ್ರೋಲು ಎಷ್ಟು ಬರಬೇಕೆಂದು ಹಿಡಿದು ಬಿಡುವ ಒಂದು ಸಣ್ಣ ಹಿತ್ತಾಳೆ ಸ್ಕ್ರೂ ಅದರಲ್ಲಿರುತ್ತದೆ. ಒಳಗೆ ತಿರುಗಿಸುತ್ತ ಹೋದರೆ ಪೆಟ್ರೋಲು ಸಾಲದೆ ಮೋಟಾರು ಕೆಮ್ಮುತ್ತದೆ. ಹೊರಗೆ ಹೆಚ್ಚು ತಿರುಗಿಸಿದರೆ ಕುಡಿದವನಂತೆ ತೊದಲಿ ಹೊಗೆ ಉಗುಳುತ್ತದೆ. ನಡುವೆ ಎಲ್ಲೋ ಒಂದು ಕಡೆ ದನಿ ತಿಳಿಯಾಗುತ್ತದೆ, ಅಲ್ಲಿ ಕೈ ತೆಗೆಯಬೇಕು. ಅದೂ ದೋಣಿಯನ್ನು ಗೂಟಕ್ಕೆ ಬಿಗಿದು, ಮೋಟಾರು ನೀರು ತಳ್ಳುತ್ತಿರುವಾಗಲೇ. ಹೊರೆ ಇಲ್ಲದಾಗ ಯಾವ ಮೋಟಾರಾದರೂ ಚಂದ ಹಾಡುತ್ತದೆ. ಇದನ್ನೆಲ್ಲ ಕಲಿಸಿದವನು ಅಪ್ಪನೇ. ಅವನ ಕಿವಿ ಹೋದ ಮೇಲೆ ಸ್ಕ್ರೂ ನನ್ನ ಕೈಗೆ ಬಂತು. ಆಗ ನನಗೆ ಇಪ್ಪತ್ತರ ಹತ್ತಿರದ ವಯಸ್ಸು.

ರಿಪೇರಿಗೆ ನನ್ನ ಕೈ ನಡೆಯುತ್ತಿತ್ತು, ದೋಣಿ ನಡೆಸಲು ನಡೆಯುತ್ತಿರಲಿಲ್ಲ. ಹೆಣ್ಣು ನಡೆಸುವ ದೋಣಿಗೆ ಊರವರು ಹತ್ತುವುದಿಲ್ಲವಂತೆ! ನನಗೆ ಮೋಟಾರಿನ ಪಕ್ಕ, ನಡೆಸುವವನು ಕೂರುವ ಆ ಹಲಗೆ ಬೇಕಾಗಿತ್ತು. ಬೇರೇನೂ ಬೇಕಿರಲಿಲ್ಲ, ಮದುವೆಯೂ. ಅಪ್ಪ ಒಪ್ಪಿದ್ದ.

"ಹೊಸ ನೀರಿನ ಪೂಜಿ ದಿನ ಹಿರ್ಯಾರ ಮುಂದ ನಾನ ಹೇಳ್ತೇನಿ, ಇನ್ನ ಮ್ಯಾಲ ಮೋಟಾರ ನನ್ನ ಮಗಳ ನಡಸ್ತಾಳಂತ," ಅಂದಿದ್ದ. ನಾನು ನಂಬಿದೆ. ಅಪ್ಪನ ಮಾತು ನಂಬದೆ ಇನ್ಯಾರ ಮಾತು ನಂಬಲಿ?

ಮಳೆಗಾಲದ ಕೆಂಪು ನೀರು ಬಂದಾಗ ನಾವು ಅಂಬಿಗರು ದೋಣಿಗೆ ಪೂಜೆ ಮಾಡಿ, ಊರ ಹಿರಿಯರನ್ನು ಕೂರಿಸಿಕೊಂಡು ಹೋಗಿ ನಡುಹೊಳೆಯಲ್ಲಿ ಗಂಗವ್ವನಿಗೆ ಕುಪ್ಪಸದ ಖಣ, ಕಾಯಿ, ಅಕ್ಕಿಯ ಉಡಿ ಬಿಡುತ್ತೇವೆ. ಉಡಿ ಬಿಡಲು ಹೆಣ್ಣುಮಗಳು ಬೇಕು, ಅದಕ್ಕೆ ನಾನೂ ಹತ್ತಿದ್ದೆ. ಆ ವರ್ಷ ನಮ್ಮಣ್ಣ ಚಿಂಚಲಿ ಮಾಯಕ್ಕನ ಭಂಡಾರ ತಂದಿದ್ದ. ಅಣ್ಣನೆಂದರೆ ಹಾರೂಗೇರಿಯ ಚಹದಂಗಡಿಯಲ್ಲಿ ದಿನ ಕಳೆದು, ಪೂಜೆ ಇದ್ದಾಗ ಮಾತ್ರ ದಂಡೆಗೆ ಬರುವ ಗಂಡಸು. ಆ ಅರಿಸಿನ ಪುಡಿಯನ್ನು ದೋಣಿಗೆ ಎರಚಿದ, ಮೋಟಾರಿಗೆ ಎರಚಿದ. ಅಷ್ಟಕ್ಕೇ ಬಿಡದೆ ಪೆಟ್ರೋಲ್ ಟಾಕಿಯ ಮುಚ್ಚಳ ತೆಗೆದು, ದೇವಿಯ ಪ್ರಸಾದ ಇದರ ಹೊಟ್ಟೆಗೂ ಹೋಗಲಿ ಎಂದು ಒಂದು ಹಿಡಿ ಒಳಗೆ ಸುರಿದ. ನಾನು ಬೇಡವೆಂದು ಕೈ ಹಿಡಿದೆ. ದೇವರ ಕೆಲಸಕ್ಕೆ ಅಡ್ಡ ಬರುತ್ತೀಯಾ ಎಂದು ಹಿರಿಯರು ನನ್ನನ್ನೇ ಗದರಿದರು. ಅಪ್ಪನಿಗೆ ಕೇಳಿಸದಿರಬಹುದು, ಕಣ್ಣಂತೂ ಕಾಣುತ್ತಿತ್ತಲ್ಲ.

ಉಡಿ ಬಿಟ್ಟು ಮುಗಿಸುವಷ್ಟರಲ್ಲಿ ಮೋಟಾರು ಕೆಮ್ಮಿತು, ಬಿಕ್ಕಿತು, ನಿಂತೇಬಿಟ್ಟಿತು. ದೋಣಿ ಅಡ್ಡ ತಿರುಗಿ ಸೆಳವಿಗೆ ಬಿತ್ತು. ಹಿರಿಯರ ಜೀವ ಬಾಯಿಗೆ ಬಂದಿತ್ತು, ಇದ್ದಬದ್ದ ದೇವರನ್ನೆಲ್ಲ ಕರೆದರು. ಅಪ್ಪ ಹುಟ್ಟು ಹಾಕಿ ದೋಣಿಯ ಮೂತಿ ಹಿಡಿದು ನಿಲ್ಲಿಸಲು ಹೆಣಗಿದ. ಅಣ್ಣ ಮೋಟಾರು ಚಾಲೂ ಮಾಡುವ ಹಗ್ಗ ಎಳೆದೇ ಎಳೆದ. ನಾನು ಅವನನ್ನು ಪಕ್ಕಕ್ಕೆ ನೂಕಿ ಕಾರ್ಬೊರೇಟರಿನ ತಳದ ಬಟ್ಟಲು ಬಿಚ್ಚಿದೆ. ಒಳಗೆಲ್ಲ ಹಳದಿ ಕೆಸರು. ಪೆಟ್ರೋಲು ಹಾಯುವ ಜೆಟ್ಟಿನ ತೂತು ಸೂಜಿಮೊನೆಯಷ್ಟು, ಅದೂ ಕಟ್ಟಿತ್ತು. ಬಾಯಿಟ್ಟು ಊದಿ, ಬಟ್ಟಲು ತೊಳೆದು ಮತ್ತೆ ಬಿಗಿದೆ. ಟಾಕಿಯಲ್ಲಿದ್ದದ್ದನ್ನು ಹೊಳೆಗೆ ಚೆಲ್ಲಿ, ದೋಣಿಯಲ್ಲಿ ಬೇರೆ ಡಬ್ಬಿಯಲ್ಲಿಟ್ಟಿದ್ದ ಪೆಟ್ರೋಲು ಹಾಕಿ ಹಗ್ಗ ಎಳೆದೆ. ಹತ್ತಿಕೊಂಡಿತು, ಆದರೂ ಕೆಮ್ಮುತ್ತಿತ್ತು. ಸ್ಕ್ರೂವನ್ನು ಕೂದಲೆಳೆಯಷ್ಟು ಹೊರಗೆ ತಿರುಗಿಸಿದೆ, ಇನ್ನಷ್ಟು ತಿರುಗಿಸಿದೆ, ದನಿ ತಿಳಿಯಾಯಿತು. ದಂಡೆ ಮುಟ್ಟುವವರೆಗೂ ಆ ಹಲಗೆಯ ಮೇಲೆ ನಾನೇ ಕೂತಿದ್ದೆ. ಯಾರೂ ಏಳು ಅನ್ನಲಿಲ್ಲ.

ದಂಡೆಯ ಮೇಲೆ ಊರೇ ನೆರೆದಿತ್ತು. ನಿಂತ ಮೋಟಾರನ್ನು ಚಾಲೂ ಮಾಡಿದವರು ಯಾರು ಎಂದು ಯಾರೋ ಅಪ್ಪನ ಕಿವಿಗೆ ಬಾಯಿ ಹಚ್ಚಿ ಕೇಳಿದರು. ಹೇಳಬೇಕಾದ ಮಾತಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನನ್ನ ಬಾಯಲ್ಲಿ ಇನ್ನೂ ಪೆಟ್ರೋಲಿನ ಕಹಿ. ಅಪ್ಪ ನನ್ನ ಕಡೆ ನೋಡಿದ, ನೆರೆದವರ ಕಡೆ ನೋಡಿದ.

"ನನ್ನ ಮಗಾ ಮಾಡಿದಾ," ಅಂದ.

ದೋಣಿಯಲ್ಲಿದ್ದ ಹಿರಿಯರೆಲ್ಲ ಕಣ್ಣಾರೆ ಕಂಡವರು. ಆದರೂ ಅವರೇ ಅಣ್ಣನ ತಲೆಗೆ ಮೆಚ್ಚುಗೆಯ ರುಮಾಲು ಸುತ್ತಿದರು, ಅವನು ನಾಚಿಕೆಯಿಲ್ಲದೆ ಸುತ್ತಿಸಿಕೊಂಡ. ಇಷ್ಟು ವರ್ಷವಾದರೂ ನೆನೆದರೆ ನನ್ನ ಮೈ ಉರಿಯುತ್ತದೆ.

ಮರುದಿನ ಬೆಳಿಗ್ಗೆ ಅಥಣಿಯ ಕಡೆ ಹೋಗುವ ಜನ ದಂಡೆಯಲ್ಲಿ ಕಾದಿದ್ದರು. ಹಲಗೆಯ ಮೇಲೆ ಅಣ್ಣ ಕೂತು ಸ್ಕ್ರೂವನ್ನು ಕಂಡಕಂಡಂತೆ ತಿರುವುತ್ತಿದ್ದ. ಮೋಟಾರು ಹೊಗೆ ಉಗುಳಿ ನಿಂತಿತು. ನೀರಿಗೆ ಬಂದಿದ್ದ ನನ್ನನ್ನು ಅಪ್ಪ ಹತ್ತಿರ ಕರೆದ. ಇನ್ನು ಮೇಲೆ ಅಣ್ಣನೇ ನಡೆಸುತ್ತಾನೆ, ಸ್ಕ್ರೂ ಎಷ್ಟು ತಿರುಗಿಸಬೇಕೆಂದು ಅವನಿಗೆ ತೋರಿಸಿಕೊಡು ಎಂದ. ಮದುವೆಯಾಗಿ ಹೋಗುವವಳು ನೀನು ಎಂದೂ ಸೇರಿಸಿದ.

ಅಪ್ಪನಿಗೆ ಕೇಳಬೇಕಾದರೆ ಒದರಲೇಬೇಕಲ್ಲ. ಒದರಿದೆ.

"ನಿನ್ನಿ ಸರಿ ಮಾಡಿದಾಂವ ಅವನ ಅಂತ ನೀನ ಹೇಳಿದಿ. ನಾ ಏನ್ ತೋರಸಲಿ ಯಪ್ಪಾ?"

ದಂಡೆಯ ಮಂದಿಯೆಲ್ಲ ತಿರುಗಿ ನೋಡಿದರು. ಅಪ್ಪ ಸುತ್ತ ಕಣ್ಣು ಹಾಯಿಸಿ ನನ್ನ ಹತ್ತಿರ ಬಗ್ಗಿದ.

"ಸಾವಕಾಶ ಮಾತಾಡವಾ," ಅಂದ. "ಮಂದಿ ಕೇಳ್ತಾರ."