ಸಂಜೆಯ ಮಿಸ್ಡ್ ಕಾಲ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೆಬ್ಬೆರಳು ಗಾತ್ರದ ಒಂದು ಪ್ಲಾಸ್ಟಿಕ್ ಫಿಲ್ಟರ್ ಕಳಿಸಿದ್ದರೆ ಮುಗಿಯುತ್ತಿದ್ದ ದೂರಿಗೆ ನಾನು ಒಬ್ಬ ಹಿರಿಯರಿಗೆ ಫೋನ್ ಮಾಡಿ ಬುದ್ಧಿ ಹೇಳಲು ಹೋದೆ. ಅದೂ ನನ್ನ ಸ್ವಂತ ದನಿಯಲ್ಲಲ್ಲ, ನಮ್ಮ ಟೀಮ್ ಲೀಡರ್ ಪ್ರಸಾದ್ ಸರ್ ದನಿಯಲ್ಲಿ.

ಆಗ 2009. ವೈಟ್‌ಫೀಲ್ಡಿನ ಒಂದು ಕಾಲ್ ಸೆಂಟರಿನಲ್ಲಿ ಬ್ರಾಡ್‌ಬ್ಯಾಂಡ್ ಗ್ರಾಹಕರ ದೂರು ಕೇಳುವ ಕೆಲಸ ನನ್ನದು. ಹುದ್ದೆಯ ಹೆಸರು ಟೆಕ್ನಿಕಲ್ ಸಪೋರ್ಟ್ ಎಕ್ಸಿಕ್ಯುಟಿವ್. ಮಾಡುತ್ತಿದ್ದದ್ದು 'ಮೋಡೆಮ್ ಆಫ್ ಮಾಡಿ ಆನ್ ಮಾಡಿ' ಎನ್ನುವುದು. ಇಷ್ಟನ್ನು ಒಂದು ಗಿಣಿಗೂ ಕಲಿಸಬಹುದಿತ್ತು; ಗಿಣಿ ಕ್ಯಾಬ್ ಹತ್ತುವುದಿಲ್ಲವೆಂದು ನನ್ನನ್ನು ಇಟ್ಟುಕೊಂಡಿದ್ದರು. ನನಗೆ ನಿಜವಾಗಿ ಬರುತ್ತಿದ್ದ ವಿದ್ಯೆ ಮಿಮಿಕ್ರಿ. ಮೂಗಿನಲ್ಲಿ ಮಾತಾಡುವ ಎಚ್‌ಆರ್ ಮೇಡಂ, ಹೊಟ್ಟೆಯ ಆಳದಿಂದ 'ಲಿಸನ್' ಎನ್ನುವ ಪ್ರಸಾದ್ ಸರ್, ಗ್ರಾಹಕರು, ಯಾರನ್ನೂ ಬಿಡುತ್ತಿರಲಿಲ್ಲ. ನನ್ನದೇ 'ಗುಡ್ ಈವ್ನಿಂಗ್' ಅಣಕಿಸಿ ತೋರಿಸಿದಾಗ ಮಾತ್ರ ಜನ ಸ್ವಲ್ಪ ಹೆಚ್ಚಾಗಿಯೇ ನಗುತ್ತಿದ್ದರು.

ರಾಜಗೋಪಾಲನಗರದ ಗಿರಿಜಾ ಎಂಬುವರದು ಒಂದೇ ದೂರು: ದಿನಾ ಸಂಜೆ ನೆಟ್ ಕಡಿಯುತ್ತದೆ. ಅವರು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಮಾಡುತ್ತಿದ್ದರು. ಅಮೆರಿಕದ ಡಾಕ್ಟರುಗಳು ಬಾಯಲ್ಲಿ ಹೇಳಿ ಧ್ವನಿಮುದ್ರಿಸಿದ ವರದಿಗಳನ್ನು ಕೇಳಿಸಿಕೊಂಡು ಟೈಪ್ ಮಾಡಿ ಕಳಿಸುವ ಕೆಲಸ ಅದು. ತಾಯಿ ತೀರಿಕೊಂಡ ಮೇಲೆ ಮನೆ ನೋಡಿಕೊಳ್ಳಲೆಂದು ಆಫೀಸಿಗೆ ಹೋಗುವುದು ಬಿಟ್ಟು, ಹೊಸದಾಗಿ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡು ಮನೆಯಿಂದಲೇ ಮಾಡುತ್ತಿದ್ದರು. ಸಂಜೆ ಫೈಲ್ ಕಳಿಸುವ ಹೊತ್ತಿಗೆ ಸರಿಯಾಗಿ ಲೈನ್ ಬೀಳುತ್ತಿತ್ತು. ಇನ್ನೊಂದು ಸಲ ತಡವಾದರೆ ಕೆಲಸ ಬೇರೆಯವರಿಗೆ ಎಂದು ಕಂಪನಿಯವರು ಹೇಳಿಯಾಗಿತ್ತು.

"ಹೋಯ್ತು ನೋಡಿ ಸಾರ್, ಹೋಯ್ತು," ಎನ್ನುತ್ತಿದ್ದರು, ಬಸ್ಸು ತಪ್ಪಿಸಿಕೊಂಡವರ ಹಾಗೆ. ನಾನು ಮೋಡೆಮ್ ಆಫ್ ಮಾಡಿಸಿ ಆನ್ ಮಾಡಿಸಿ ದೂರು ಮುಗಿಸುತ್ತಿದ್ದೆ. ಆಮೇಲೆ ಅಕ್ಕಪಕ್ಕದವರಿಗೆ ಆ 'ಹೋಯ್ತು' ಮಾಡಿ ತೋರಿಸುತ್ತಿದ್ದೆ. ಸಕ್ಕತ್ ನಗುತ್ತಿದ್ದರು.

ದೂರು ಮತ್ತೆ ಮತ್ತೆ ಬಂದಾಗ ಪ್ರಸಾದ್ ಸರ್ ನನ್ನನ್ನು ಕರೆದು, ಈ ಸಲ ಲೈನ್ ಬೀಳುವಾಗ ನೀನೇ ಆ ಗ್ರಾಹಕರ ಜೊತೆ ಮಾತಿನಲ್ಲಿರಬೇಕು ಎಂದರು. ಹಾಗಾಗಿ ಒಂದು ಸಂಜೆ ಗಿರಿಜಾ ಅವರ ಮೊಬೈಲಿಗೆ ಮಾಡಿ ಕಾಯುತ್ತಾ ಕುಳಿತೆ. ಮೋಡೆಮ್ಮಿನ ಹಸಿರು ದೀಪ ಉರಿಯುತ್ತಿದೆ ಎಂದರು. ನಂತರ, "ಹೋಯ್ತು ನೋಡಿ."

ಥಟ್ಟನೆ ಅನುಮಾನ ಬಂತು. "ಮೇಡಂ, ಈಗ ಲ್ಯಾಂಡ್‌ಲೈನಿಗೆ ಕಾಲ್ ಬಂತಾ?"

"ಇಲ್ಲ. ಬೆಲ್ಲೇ ಆಗ್ಲಿಲ್ಲ."

ನಾನೇ ಇನ್ನೊಂದು ಫೋನಿನಿಂದ ಅವರ ಲ್ಯಾಂಡ್‌ಲೈನಿಗೆ ಮಾಡಿದೆ. ಬೆಲ್ ಕೇಳಿಸಲಿಲ್ಲ, ಆದರೆ ಮೇಲೆದ್ದಿದ್ದ ನೆಟ್ ಮತ್ತೆ ಬಿತ್ತು. ಕಾರಣ ಸಿಕ್ಕಿತು. ಫೋನಿನ ತಂತಿಯೊಂದರಲ್ಲೇ ಮಾತೂ ನೆಟ್ಟೂ ಹರಿಯುತ್ತವೆ; ಒಂದು ಇನ್ನೊಂದರ ಮೇಲೆ ಬೀಳದಂತೆ ಪ್ರತಿ ಫೋನಿಗೂ ಒಂದು ಫಿಲ್ಟರ್ ಬೇಕು. ಫಿಲ್ಟರ್ ಇಲ್ಲದ ಫೋನೊಂದು ಆ ಮನೆಯಲ್ಲಿ ಎಲ್ಲೋ ಇತ್ತು.

"ಮನೇಲಿ ಎಷ್ಟು ಫೋನಿದೆ ಮೇಡಂ?"

"ಒಂದೇ, ಹಾಲ್‌ನಲ್ಲಿ." ಆಮೇಲೆ, "ಅಡಿಗೆಮನೇಲಿ ಅಮ್ಮಂದು ಒಂದಿದೆ. ಅದನ್ನ ಯಾರೂ ಮುಟ್ಟಲ್ಲ," ಎಂದರು. ತಾಯಿ ಹೋದಾಗ ಸಾಂತ್ವನದ ಕರೆಗಳು ನಿಲ್ಲದೆ, ಎರಡೂ ಫೋನಿನ ಬೆಲ್ ಆಫ್ ಮಾಡಿದ್ದರಂತೆ. ಆಮೇಲೆ ಎಲ್ಲರೂ ಮೊಬೈಲಿಗೇ ಮಾಡುತ್ತಿದ್ದರಿಂದ ಅದು ಹಾಗೇ ಉಳಿದಿತ್ತು.

"ಹಾಲ್‌ನ ಫೋನಲ್ಲಿ ಬಂದ ನಂಬರ್ ಕಾಣುತ್ತಲ್ಲ, ಒಂದ್ಸಲ ನೋಡಿ. ಯಾರೋ ದಿನಾ ಇದೇ ಟೈಮಿಗೆ ಮಾಡ್ತಿದಾರೆ."

ಬಟನ್ ಒತ್ತುವ ಸದ್ದು ಕೇಳಿಸಿತು. ಮತ್ತೊಮ್ಮೆ, ಮತ್ತೊಮ್ಮೆ.

"ಎಲ್ಲಾ ನಮ್ಮಪ್ಪಂದೇ ನಂಬರ್ ಸಾರ್."

ಅವರ ತಂದೆ ಚನ್ನಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಡ್ಯೂಟಿ ಮುಗಿಸಿ ಗೇಟು ದಾಟಿದ ಕೂಡಲೇ ಮನೆಗೊಂದು ಮಿಸ್ಡ್ ಕಾಲ್ ಕೊಡುವುದು ಅವರ ರೂಢಿ. ಪೀಣ್ಯದಲ್ಲಿ ಆಗ ಇದು ಮನೆಮನೆಯ ಪದ್ಧತಿ. ಅಡುಗೆಮನೆಯಲ್ಲಿ ಬೆಲ್ಲಾದರೆ ಹೆಂಡತಿ ಕುಕ್ಕರ್ ಇಡುತ್ತಿದ್ದರು. ಚನ್ನಪ್ಪ ನಡೆದು ಮನೆ ಸೇರುವಷ್ಟರಲ್ಲಿ ಅನ್ನ ಆಗಿರುತ್ತಿತ್ತು. ಹೆಂಡತಿ ಇಲ್ಲವಾದ ಮೇಲೂ ಆ ಕರೆ ನಿಂತಿಲ್ಲವೆಂಬುದು ಮಗಳಿಗೆ ತಿಳಿದದ್ದು ಆ ಸಂಜೆ, ನನ್ನ ಟ್ರಬಲ್‌ಶೂಟಿಂಗಿನಿಂದ.

ನನಗೋ ದೋಷ ಹಿಡಿದ ಖುಷಿ. "ಸಿಂಪಲ್ ಮೇಡಂ. ಅಡಿಗೆಮನೆ ಫೋನಿನ ವೈರ್ ಕಿತ್ಬಿಡಿ," ಎಂದೆ.

ಕಿತ್ತರು. ಮರುದಿನ ಬೆಳಿಗ್ಗೆ ಕಾಫಿಗೆ ನೀರಿಡಲು ಹೋದ ಚನ್ನಪ್ಪ ಅದನ್ನು ನೋಡಿ ಮತ್ತೆ ಸಿಕ್ಕಿಸಿದರು. ಮಗಳು ಮತ್ತೆ ಕಿತ್ತರು, ಅಪ್ಪ ಮತ್ತೆ ಸಿಕ್ಕಿಸಿದರು. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲವಂತೆ. ನೆಟ್ ಮತ್ತೆ ಬಿದ್ದಾಗ ಗಿರಿಜಾ ಫೋನ್ ಮಾಡಿ ಇದನ್ನೆಲ್ಲ ಹೇಳಿದರು.

"ಒಂದ್ಸಲ ಹೇಳ್ಬಿಡಿ ಮೇಡಂ ಅಪ್ಪಂಗೆ."

"ಏನಂತ ಹೇಳ್ಲಿ ಸಾರ್? ನನ್ನ ಬಾಯಲ್ಲಿ ಬರಲ್ಲ. ಕೆಲ್ಸ ಬೇರೆ ಹೋಗುತ್ತೆ." ಅಳುತ್ತಿದ್ದರು. "ನೀವೇ ಹೇಳಿ. ಆಫೀಸಿಂದ ಅಂದ್ರೆ ಕೇಳ್ಬಹುದು."

ನಾನು ಚನ್ನಪ್ಪನವರಿಗೆ ಮಾಡಿದ ಕರೆಯ ನಂತರ ಏನಾಯಿತೆಂದು ಮೊದಲು ಹೇಳುತ್ತೇನೆ. ಅಂದೇ ಲೈನ್‌ಮನ್ ಕೈಯಲ್ಲಿ ಫಿಲ್ಟರ್ ಕಳಿಸಿ ಅಡುಗೆಮನೆಯ ಫೋನಿಗೆ ಹಾಕಿಸಿದೆ; ಸಂಜೆ ಎಂದಿನಂತೆ ಮಿಸ್ಡ್ ಕಾಲ್ ಕೊಡಿ ಎಂದು ಚನ್ನಪ್ಪನವರಿಗೂ ತಿಳಿಸಿದೆ. ನೆಟ್ ಮತ್ತೆ ಬೀಳಲಿಲ್ಲ, ಗಿರಿಜಾ ಅವರ ಕೆಲಸ ಉಳಿಯಿತು. ದೂರು ಮುಚ್ಚುವ ಮೊದಲು ವಿಚಾರಿಸಿದಾಗ ಅವರು, "ಅಮ್ಮನ ಫೋನಿನ ಬೆಲ್ ಆನ್ ಮಾಡಿದೀನಿ ಸಾರ್. ಬೆಲ್ಲಾದಾಗ ಕುಕ್ಕರ್ ಇಡ್ತೀನಿ," ಎಂದರು. ಅಂದಿನಿಂದ ಯಾರ ಮನೆಯ ಯಾವ ವೈರನ್ನಾದರೂ ಕೀಳಿ ಎನ್ನುವ ಮೊದಲು ಅದು ಯಾರದೆಂದು ಕೇಳುತ್ತೇನೆ. ಆ ಉದ್ಯೋಗ ನನಗೆ ಕಲಿಸಿದ್ದು ಇಷ್ಟು. ಫಿಲ್ಟರಿನ ಬಗ್ಗೆ ಎಲ್ಲ ಗೊತ್ತಿದ್ದ ನಾನು ಅದನ್ನು ಮೊದಲೇ ಕಳಿಸಬಹುದಿತ್ತು. ಯಾರೂ ಮುಟ್ಟದ ಫೋನಿಗೆ ಫಿಲ್ಟರ್ ದಂಡವೆಂದುಕೊಂಡಿದ್ದೆ.

ಹಾಗೆಂದುಕೊಂಡೇ ಆ ಮಧ್ಯಾಹ್ನ, ಕಾರ್ಖಾನೆಯ ಊಟದ ಹೊತ್ತಿಗೆ, ಚನ್ನಪ್ಪನವರ ಮೊಬೈಲಿಗೆ ಕರೆ ಮಾಡಿದೆ. ಸುತ್ತ ನಾಲ್ವರು ನಗು ತಡೆದುಕೊಂಡು ನಿಂತಿದ್ದರು. ನಾನು ಪ್ರಸಾದ್ ಸರ್ ದನಿ ತೆಗೆದು, ಸೀನಿಯರ್ ಎಂಜಿನಿಯರ್ ಎಂದು ಹೇಳಿಕೊಂಡೆ.

"ಯೋಳಿ ಸಾರ್," ಎಂದರು. ಹಿಂದೆ ಟಿಫನ್ ಡಬ್ಬಿಗಳ ಸದ್ದು.

"ಲಿಸನ್. ನೀವು ಸಂಜೆ ಮನೆಗೆ ಮಾಡೋ ಕಾಲಿಂದ ನಿಮ್ಮ ಮಗಳ ಕೆಲಸ ಹಾಳಾಗ್ತಿದೆ."

"ಅಂಗಾ?" ಎಂದರು. ನಂತರ ಮೆಲ್ಲಗೆ, "ನಂಗೊತ್ತಿರ್ಲಿಲ್ಲ ಸಾರ್. ಮಗೀಗೆ ತೊಂದ್ರೆ ಆಗೋದಾದ್ರೆ ಇವತ್ತಿಂದ ಮಾಡಾಕಿಲ್ಲ," ಎಂದರು.

ಅಲ್ಲಿಗೇ ಬಿಡಬೇಕಿತ್ತು. ಗೆದ್ದವನ ಗತ್ತು ಬಿಡಲಿಲ್ಲ. ದನಿ ಮಾತ್ರ ಅರ್ಧದಲ್ಲೇ ಜಾರಿ ನನ್ನ ಸ್ವಂತ ಕೀಚಲಿಗೆ ಬಂತು. "ಅಲ್ಲ ಸಾರ್, ಎತ್ತೋರೇ ಇಲ್ಲದ ಫೋನಿಗೆ ದಿನಾ ಯಾಕೆ ಮಾಡ್ತೀರ?"

ಅವರಿಗೆ ನನ್ನ ವಯಸ್ಸು ಗೊತ್ತಾಗಿರಬೇಕು. ಸಾರ್ ಎನ್ನುವುದನ್ನು ಬಿಟ್ಟರು.

"ಅವ್ಳು ಇದ್ದಾಗ್ಲೂ ಎತ್ತಾ ಇರ್ಲಿಲ್ಲ ಕಣಪ್ಪ."