ಕಾಲು ಸೆಕೆಂಡಿನ ಸುಳ್ಳು

ಜೂನ್ ಹದಿನಾಲ್ಕು, ಭಾನುವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ.

ವಾಸುದೇವ ಕಾಕಾ ಅವರ ಕೈ ತಪ್ಪಿರಲಿಲ್ಲ. ತಪ್ಪಿದ್ದು ನಾನು ಜೋಡಿಸಿಕೊಟ್ಟ ಯಂತ್ರ. ಅದು ನನಗೆ ಗೊತ್ತಿತ್ತು — ಗೊತ್ತಿದ್ದೂ ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ನಮ್ಮ ಕನ್ನಡ ಬಳಗದ ಈ ಮಾಸಿಕದಲ್ಲಿ ಮನೆಬಳಕೆಯ ಯಂತ್ರಗಳ ಬಗ್ಗೆ ನಾನು ಬರೆಯುವುದನ್ನು ಓದುವವರಿಗೆ ನನ್ನ ಪದ್ಧತಿ ಗೊತ್ತು. ಅಳೆಯದೆ ಬರೆಯುವುದಿಲ್ಲ. ಭೋಸರಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ನೋಡುವುದೇ ನನ್ನ ಕೆಲಸ. ಮನೆಗೆ ಬಂದರೂ ಆ ಚಟ ಬಿಡದು. ಇಂಡಕ್ಷನ್ ಒಲೆಯ ಮೇಲೆ ಹಾಲು ಎಷ್ಟು ಹೊತ್ತಿಗೆ ಉಕ್ಕಿತು, ಹಳೆಯ ಫೋನಿಗೆ ಹೊಸ ಬ್ಯಾಟರಿ ಹಾಕಿದರೆ ಎಷ್ಟು ತಾಸು ಬಂತು — ತಾರೀಖು ಹಾಕಿ ಬರೆದಿಡುತ್ತೇನೆ. ಅದಕ್ಕೇ ಹಡಪಸರದ ನಮ್ಮ ಕಟ್ಟಡದಲ್ಲಿ ನನ್ನ ಮಾತಿಗೆ ಬೆಲೆ. ಆ ಬೆಲೆ ಉಳಿಸಿಕೊಳ್ಳಲು ಹೋಗಿಯೇ —

ಮೊದಲಿನಿಂದ ಹೇಳುತ್ತೇನೆ.

ಕಾಕಾ ನಮ್ಮ ಮೇಲಿನ ಮನೆಯವರು. ಖಡಕಿಯಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಕಿವಿ ಮಂದವಾಗಿ ಬಹಳ ಕಾಲವಾಗಿತ್ತು. ಶ್ರವಣಯಂತ್ರ ಕೊಳ್ಳಲು ಹೊರಟಿದ್ದವರನ್ನು ನಾನೇ ತಡೆದೆ. ಅಷ್ಟು ದುಡ್ಡು ಏಕೆ ಸುರಿಯಬೇಕು, ನಾನಿದ್ದೇನಲ್ಲ! ನನ್ನ ಹಳೆಯ ಫೋನಿಗೆ ಒಂದು ಆ್ಯಪ್ ಹಾಕಿದೆ; ಎದುರಿನವರ ಮಾತನ್ನು ಫೋನ್ ಹಿಡಿಯುತ್ತದೆ, ದೊಡ್ಡದು ಮಾಡಿ ವೈರಿಲ್ಲದ ಇಯರ್‌ಬಡ್‌ಗೆ ಕಳಿಸುತ್ತದೆ. ಫೋನ್ ಅಂಗಿಯ ಕಿಸೆಯಲ್ಲಿ, ಬಡ್‌ಗಳು ಕಿವಿಯಲ್ಲಿ. ಅಷ್ಟೇ.

"ಬಂಗಾರದಂಥಾ ಕೆಲಸ ಮಾಡಿದಿ ನೋಡವಾ," ಎಂದರು ಇಂದಿರಾ ಕಾಕು, ಅವರ ಹೆಂಡತಿ. "ಚಹಾ ಬೇಕೇನ್ರಿ ಅಂತ ಇವರನ್ನ ಕೇಳಿದ್ರ ಕೆಳಗಿನ ವಾಚ್‌ಮನ್ ಹೌದು ಅಂತಿದ್ದ."

ನಾನು ಉಬ್ಬಿಹೋದೆ. ಈ ಮಾಸಿಕದಲ್ಲೇ ಬರೆದೆ — ಹೆಮ್ಮೆಯಿಂದ, ಚಿತ್ರ ಸಮೇತ. ಕಾಕಾ ಆ ಸಂಚಿಕೆಯನ್ನು ಮನೆಗೆ ಬಂದವರಿಗೆಲ್ಲ ತೋರಿಸಿದರು.

ಆದರೆ ಪ್ರತಿ ಶನಿವಾರ ನಮ್ಮ ಕಟ್ಟಡದ ಕೆಳಗಿನ ಹಾಲ್‌ನಲ್ಲಿ ಭಜನೆ ಇರುತ್ತದೆ. ನೆರೆಮನೆಯ ಮಾಧವ ಹಾರ್ಮೋನಿಯಂ ಪೇಟಿ ಹಿಡಿದು ದಾಸರ ಪದ ಹಾಡುತ್ತಾರೆ; ತಾಳ ಕಾಕಾ ಅವರದು. ಕಿವಿ ಮಂದವಾದ ಮೇಲೂ ಅವರು ಒಂದು ಪೆಟ್ಟು ತಪ್ಪಿದ್ದಿಲ್ಲ. ಹಾಡುವವರ ತುಟಿ, ತಬಲಾದವನ ಕೈ — ಎರಡನ್ನೇ ನೋಡುತ್ತ ಹಿಡಿಯುತ್ತಿದ್ದರಂತೆ. ಇದನ್ನು ಕಾಕು ಆಮೇಲೆ ಹೇಳಿದರು. ಮೊದಲೇ ಕೇಳಬಹುದಿತ್ತು ನಾನು. ಕೇಳಲಿಲ್ಲ.

ಬಡ್ ಹಾಕಿಕೊಂಡು ಕೂತ ಮೊದಲ ಶನಿವಾರವೇ ತಾಳ ಹಿಂದೆ ಬಿತ್ತು. ಎರಡನೆಯ ಶನಿವಾರ ಮಾಧವ ನಡುವೆಯೇ ಪೇಟಿ ನಿಲ್ಲಿಸಿದರು.

"ಕಾಕಾ, ನಾವು ಸ್ವಾರಗೇಟ್‌ನ್ಯಾಗ ಬಸ್ ಇಳದ ಮ್ಯಾಲೆ ನಿಮ್ಮ ತಾಳ ಹಡಪಸರ ಬಿಡ್ತದಲ್ರಿ!"

ಎಲ್ಲರೂ ನಕ್ಕರು. ಕಾಕಾ ಕೂಡ ನಕ್ಕರು — ಒಂದು ಕ್ಷಣ ತಡವಾಗಿ. ಆಗಲೇ ನನಗೆ ಅನುಮಾನ ಬಂದದ್ದು.

ಮರುದಿನ ಅವರು ಯಂತ್ರವನ್ನು ನನಗೆ ತಂದುಕೊಟ್ಟರು: "ಒಂದ್ಸಲ ನೋಡವಾ ಸುಧಾ." ನಾನು ಸ್ಟೀಲ್ ತಟ್ಟೆಗೆ ಚಮಚ ಬಡಿದು, ತಟ್ಟೆಯ ಸದ್ದನ್ನೂ ಬಡ್‌ನಿಂದ ಬರುವ ಸದ್ದನ್ನೂ ಒಟ್ಟಿಗೆ ರೆಕಾರ್ಡ್ ಮಾಡಿ ನೋಡಿದೆ. ಹತ್ತು ಸಲ ಬಡಿದೆ. ಹತ್ತೂ ಸಲ ಎರಡನೆಯ ಸದ್ದು ಸುಮಾರು ಕಾಲು ಸೆಕೆಂಡು ಹಿಂದೆ. ಮಾತಿಗೆ ಅದು ಲೆಕ್ಕಕ್ಕಿಲ್ಲ. ತಾಳ ತಪ್ಪಲು ಅಷ್ಟೇ ಸಾಕು.

'ಭಜನೆಗೆ ಕೂಡುವಾಗ ಇದನ್ನು ತೆಗೆದಿಡಿ' — ಒಂದೇ ವಾಕ್ಯ. ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಲೇಖನ ಅಚ್ಚಾಗಿ ವಾರವಾಗಿರಲಿಲ್ಲ. ಅಳೆದೇ ಬರೆಯುವವಳು ಇದೊಂದನ್ನು ಅಳೆದಿರಲಿಲ್ಲ ಎಂದು ಹೇಗೆ —

ಸಂಜೆ ಕಾಕಾ ಬಂದರು. ಬಾಗಿಲಲ್ಲೇ ನಿಂತು ಕೇಳಿದರು: "ಖರೇ ಹೇಳವಾ. ತಪ್ಪು ಮಷೀನಂದೋ, ನನ್ನ ಕೈದೋ?"

"ಮಷೀನ್ ಬರೋಬ್ಬರಿ ಅದರಿ, ಕಾಕಾ," ಎಂದೆ.

ಅವರು ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. "ಹಂಗಾರ ಕೈಗೇ ವಯಸ್ಸಾತು."

ಮುಂದಿನ ಏಕಾದಶಿಗೆ ಭೋಸರಿ ಕಡೆಯಿಂದ ಬಂದಿದ್ದ ಭಜನಾ ಮಂಡಳಿಯೊಂದಕ್ಕೆ ತಮ್ಮ ತಾಳಗಳನ್ನು ಕೊಟ್ಟುಬಿಟ್ಟರು. ಅಂದಿನಿಂದ ಹಾಲ್‌ನ ಹಿಂದಿನ ಗೋಡೆಗೆ ಒರಗಿ ಕೂಡುತ್ತಾರೆ, ಎರಡೂ ಕೈ ಮೊಣಕಾಲುಗಳ ನಡುವೆ ಇಟ್ಟುಕೊಂಡು. ಪ್ರತಿ ಶನಿವಾರ ನೋಡಿದ್ದೇನೆ. ನೋಡಿ ಮನೆಗೆ ಬಂದು ಬೇರೆ ಏನನ್ನೋ ಅಳೆಯುತ್ತ ಕೂತಿದ್ದೇನೆ.

ಕಳೆದ ವಾರ ಕಾಕು ತರಕಾರಿ ಚೀಲ ಹೊತ್ತು ಮೆಟ್ಟಿಲಲ್ಲಿ ಏದುಸಿರು ಬಿಡುತ್ತಿದ್ದರು. ಕಾಕಾ ಸ್ಕೂಟರ್ ಮೇಲೆ ತಂದುಕೊಡಲಿಲ್ಲವೇ ಎಂದು ಕೇಳಿದೆ.

"ಮಾರಿಬಿಟ್ರವಾ. ತಾಳ ತಪ್ಪಿದ ಕೈ ಬ್ರೇಕ್ ಹಿಡೀತಾವೇನು, ಅಂತಾರ. ದಾಡಿ ಸುದ್ದಾ ತಾವು ಮಾಡ್ಕೊಳ್ಳೂದಿಲ್ಲ ಈಗ. ಕೈ ನಂಬಂಗಿಲ್ಲಂತ."

ಚೀಲ ಮೇಲಕ್ಕೆ ಒಯ್ದುಕೊಟ್ಟೆ. ಅಂದೂ ಹೇಳಲಿಲ್ಲ. ಇನ್ನೂ ಒಂದು ವಾರ ತೆಗೆದುಕೊಂಡೆ.

ಇವತ್ತು ಬೆಳಿಗ್ಗೆ ಹೋಗಿ ಹೇಳಿದೆ. ಎಲ್ಲವನ್ನೂ. ನನ್ನ ಮಾತೂ ಅವರನ್ನು ಅದೇ ಯಂತ್ರದಿಂದ ತಲುಪಬೇಕಿತ್ತು — ಅದೇ ಕಾಲು ಸೆಕೆಂಡು ತಡವಾಗಿ.

"ಎರಡು ವರ್ಷ ಆತಲ್ಲವಾ," ಎಂದರು ಕಾಕಾ. ಆಮೇಲೆ, "ನೀ ಬರದದ್ದು ಅಷ್ಟು ಮಂದಿ ಓದ್ಯಾರಲ. ಅವರಿಗೆ ಹೇಳಿದೇನು?"

ಇಲ್ಲ ಎಂದೆ. ಅವರು ಬಡ್‌ಗಳನ್ನು ತೆಗೆದು ಟೇಬಲ್ಲಿನ ಮೇಲಿಟ್ಟರು. ಅದಾದ ಮೇಲೆ ನಾನು ಏನು ಹೇಳಿದ್ದರೂ ಅವರಿಗೆ ಕೇಳುತ್ತಿರಲಿಲ್ಲ. ಕೆಳಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಲೇಖನ ನಂಬಿ ಮನೆಯ ಹಿರಿಯರಿಗೆ ಇಂಥದ್ದನ್ನು ಮಾಡಿಕೊಟ್ಟವರು, ಆ ಹಿರಿಯರು ಹಾಡುವಾಗ, ಬಾರಿಸುವಾಗ ಅದನ್ನು ತೆಗೆದಿಡಿಸಿ. ತಪ್ಪು ಅವರ ಕೈಯದಲ್ಲ ಎಂದು ಇವತ್ತೇ ಹೇಳಿ.

ಇನ್ನೊಂದು ಕೇಳಬೇಕು. ಕಾಕಾ ತಾಳ ಕೊಟ್ಟ ಆ ಮಂಡಳಿ ಯಾವುದೆಂದು ಇಲ್ಲಿ ಯಾರಿಗೂ ನೆನಪಿಲ್ಲ. ಕಂಚಿನ ತಾಳಗಳು, ನೀಲಿ ದಾರ ಕಟ್ಟಿದೆ, ಒಂದರ ಅಂಚು ಸ್ವಲ್ಪ ಮುರಿದಿದೆ. ಸಿಕ್ಕರೆ ಕಾಕಾ ಮತ್ತೆ ಕೈಗೆತ್ತಿಕೊಳ್ಳುತ್ತಾರೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ. ಆದರೂ ಹುಡುಕುತ್ತಿದ್ದೇನೆ. ಅವು ಈಗ ಯಾರ ಬಳಿ ಇವೆಯೆಂದು ತಿಳಿದವರು ದಯವಿಟ್ಟು ಈ ಮಾಸಿಕಕ್ಕೆ ನನ್ನ ಹೆಸರಿಗೆ ಬರೆಯಿರಿ.