ಏಳನೆಯ ಪೀಪಾಯಿಯ ಮುಂದೆ ಎರ್ಸಿಲಿಯಾ

ಪ್ರಿಯ ಸಹೋದರ ಸಹೋದರಿಯರೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು ಕೇಳಿರಿ. ನಮ್ಮ ಗುಡ್ಡದ ಕೊನೆಯ ಮನೆಯ ಎರ್ಸಿಲಿಯಾ ಮೆದೆಯೋತ್ ಎಂಬಾಕೆಯ ಬದುಕಿನಿಂದ ಒಂದು ಸಂಗತಿಯನ್ನು ಹೇಳುತ್ತೇನೆ. ಭಾನುವಾರಗಳಂದು ಮಕ್ಕಳಿಗೆ ಧರ್ಮೋಪದೇಶ ಹೇಳುವ ನನಗೆ ಕೃತಜ್ಞತೆಯ ಪಾಠ ಕಲಿಸಿದವಳು ಆಕೆ.

ಕೊರ್ಮೋನ್ಸ್ ಊರಿನ ಸುತ್ತಿನ ಗುಡ್ಡಗಳಲ್ಲಿ ಮೆದೆಯೋತ್ ಮನೆಯ ಬಿಳಿ ದ್ರಾಕ್ಷಾರಸಕ್ಕೆ ಹೆಸರಿದೆ. ತೋಟ ತಮ್ಮ ದನೀಲೊನದು, ಅಡುಗೆಮನೆ ಅವನ ಹೆಂಡತಿ ಜೆಮ್ಮಾಳದು, ನೆಲಮಾಳಿಗೆ ಮದುವೆಯಾಗದೆ ಉಳಿದ ಅಕ್ಕ ಎರ್ಸಿಲಿಯಾಳದು. ಬಿಳಿ ರಸಕ್ಕೆ ಗಾಳಿಯೇ ಶತ್ರು. ಮರದ ಪೀಪಾಯಿ ವಾರಕ್ಕೆ ಒಂದಿಷ್ಟು ರಸವನ್ನು ತಾನೇ ಕುಡಿದುಬಿಡುತ್ತದೆ. ಆ ಖಾಲಿ ಜಾಗವನ್ನು ತುಂಬದಿದ್ದರೆ ಉಳಿದದ್ದೆಲ್ಲ ಹುಳಿಯುತ್ತದೆ. ಆದ್ದರಿಂದ ಮೂವತ್ತೆಂಟು ವರ್ಷ ಪ್ರತಿ ಶನಿವಾರ ಆಕೆ ರಸದ ಹೂಜಿ ಹಿಡಿದು ಇಳಿದು, ಹನ್ನೆರಡು ಪೀಪಾಯಿಗಳ ಬಿರಡೆ ತೆಗೆದು, ಮೂಸಿ, ಅಂಚಿನವರೆಗೆ ತುಂಬಿ, "ಕ್ಷೇಮ" ಎನ್ನುತ್ತಿದ್ದಳು. ಆ ಒಂದು ಮಾತನ್ನು ನಂಬಿ ದನೀಲೊ ಸೀಸೆ ತುಂಬಿಸುತ್ತಿದ್ದ. ಹನ್ನೆರಡನೆಯದು ಚಿಕ್ಕ ಪೀಪಾಯಿ. ಅಜ್ಜನ ಕಾಲದ ಹರಕೆಯಂತೆ ಪ್ರತಿವರ್ಷ ಪಾಸ್ಖ ಹಬ್ಬಕ್ಕೆ ಮುನ್ನ ಚರ್ಚಿಗೆ ಹೋಗುವಂಥದ್ದು. ಚರ್ಚಿನ ಬಲಿಪೂಜೆಗೆ ದ್ರಾಕ್ಷಾರಸ ಬೇಕು; ಹುಳಿತ ರಸದಿಂದ ಅದು ನಡೆಯಲಾರದು.

ಒಂದು ವರ್ಷ ಚಳಿಗಾಲದ ಜ್ವರ ಎರ್ಸಿಲಿಯಾಳ ಮೂಗಿನ ಶಕ್ತಿಯನ್ನೇ ಕೊಂಡೊಯ್ದಿತು. ಆಕೆ ಯಾರಿಗೂ ಹೇಳಲಿಲ್ಲ. ಮೂಗು ಹೋದ ಮೇಲೆ ಈ ಮನೆಯಲ್ಲಿ ತನ್ನ ಜಾಗ ಯಾವುದು ಎಂಬ ಭಯ ಬಾಯಿ ಕಟ್ಟಿತ್ತು. ಮೂರು ಶನಿವಾರ ಬಗ್ಗಿದಳು, ಮೂಸಿದಳು, ಏನೂ ತಿಳಿಯದೆ "ಕ್ಷೇಮ" ಎಂದಳು.

ನಾಲ್ಕನೆಯ ಶನಿವಾರ ದನೀಲೊ ಚಿಕ್ಕ ಪೀಪಾಯಿಯನ್ನು ಒಯ್ಯಲು ಕೈಗಾಡಿ ತಂದ.

"ಹೇಳಿಬಿಡಕ್ಕ, ಫಾದರ್ ಕಾಯ್ತಿದ್ದಾರೆ."

ಎರ್ಸಿಲಿಯಾ ಬಗ್ಗಿದವಳು ಮೇಲೇಳಲಿಲ್ಲ.

"ಏನಕ್ಕ, ಅಲ್ಲೇ ನಿದ್ದೆ ಹೋದ್ಯಾ?"

"ನನಗೆ ವಾಸನೆ ಗೊತ್ತಾಗಲ್ಲ ಕಣೋ, ಜ್ವರ ಬಿಟ್ಟ ದಿನದಿಂದ. ಮೂರು ವಾರ ನಿಂಗೆ ಸುಳ್ಳು ಹೇಳಿದೀನಿ. ದೇವರಿಗೂ ಸುಳ್ಳು ಹೇಳೋಕಾಗ್ತಿಲ್ಲ."

ಮೆಟ್ಟಿಲ ಮೇಲೆ ನಿಂತಿದ್ದ ಜೆಮ್ಮಾ ಸೊಂಟದ ಮೇಲೆ ಕೈಯಿಟ್ಟಳು. "ಅದಕ್ಕೇನಾ ಅತ್ತಿಗೆ, ಮೊನ್ನೆ ನಾನು ಸೀಯಿಸಿದ ಜೋಳದ ಹಿಟ್ಟಿನ ಪೊಲೆಂತಾನ ಚೆನ್ನಾಗಿದೆ ಅಂದಿದ್ದು? ನಾನೆಷ್ಟು ಹಿಗ್ಗಿದ್ದೆ."

ದನೀಲೊ ನಗಲಿಲ್ಲ. ಒಂದೊಂದೇ ಬಿರಡೆ ತೆಗೆದು ತಾನೇ ಮೂಸಿದ. ಚಿಕ್ಕ ಪೀಪಾಯಿ ನಿರ್ಮಲವಾಗಿತ್ತು. ಏಳನೆಯದರ ಮುಂದೆ ಮಾತ್ರ ಮುಖ ಹಿಂದೆಳೆದ. ಹುಳಿ ಇನ್ನೂ ಎಳೆಯದು. ಆದರೆ ಇನ್ನೊಂದು ವಾರ ಆಕೆ ಸುಮ್ಮನಿದ್ದಿದ್ದರೆ, ಅದೇ ಹೂಜಿಯ ಬಾಯಿಂದ ಉಳಿದವುಗಳಿಗೂ ಹತ್ತುತ್ತಿತ್ತು.

ಎರ್ಸಿಲಿಯಾ ಸೊಂಟದಿಂದ ಬೀಗದ ಕೈ ಬಿಚ್ಚಿ ಆ ಪೀಪಾಯಿಯ ಮೇಲಿಟ್ಟಳು. "ತಗೋ. ನಾನಿನ್ನು ಮೇಲೆ ಕೂತು ಬಟಾಣಿ ಸುಲೀತೀನಿ."

"ನಂಗ್ಯಾಕೆ ಇದು? ಬೆರಳಲ್ಲಿ ಬಡಿದು ಒಳಗೆಷ್ಟು ಖಾಲಿ ಅಂತ ಹೇಳೋದು ಕಲಿಸಿದವಳು ನೀನು. ಕಿವಿ ಇದೆಯಲ್ಲ, ಕೈ ಇದೆಯಲ್ಲ. ಮೂಸೋಕೆ ಜೆಮ್ಮಾ ಇದ್ದಾಳೆ. ನಾನು ಹೊರಗೆ ಒಂದು ಲೋಟ ಕುಡಿದು ಬಂದ್ರೆ, ಯಾರ ಮನೇದು ಅಂತ ಬಾಗಿಲಲ್ಲೇ ಹೇಳ್ತಾಳೆ."

"ಎಷ್ಟು ಲೋಟ ಅಂತಾನೂ ಹೇಳ್ತೀನಿ," ಎಂದಳು ಜೆಮ್ಮಾ, ಕೆಳಗಿಳಿದು ಬಂದು ಬೀಗದ ಕೈಯನ್ನು ಅತ್ತಿಗೆಯ ಸೊಂಟಕ್ಕೆ ಮತ್ತೆ ಕಟ್ಟುತ್ತಾ.

ಅಂದಿನಿಂದ ಶನಿವಾರ ಇಬ್ಬರೂ ಇಳಿಯುತ್ತಾರೆ: ಒಬ್ಬಳು ಬಡಿದು ತುಂಬುತ್ತಾಳೆ, ಒಬ್ಬಳು ಮೂಸುತ್ತಾಳೆ. ಏಳನೆಯ ಪೀಪಾಯಿ ದೂರದ ಸೌದೆಕೊಟ್ಟಿಗೆಗೆ ಹೋಗಿ ವಿನೆಗರ್ ಆಯಿತು. ಮುಂದಿನ ಶರತ್ಕಾಲದಲ್ಲಿ ಅದನ್ನು ಸೊಪ್ಪಿನ ಮೇಲೆ ಸುರಿದು ಬಡಿಸಿದ ದಿನ ನಾನೂ ಅವರ ಪಂಕ್ತಿಯಲ್ಲಿದ್ದೆ. ಊಟಕ್ಕೆ ಮುನ್ನ ಎರ್ಸಿಲಿಯಾ ಕೈಜೋಡಿಸಿ ಹೇಳಿದಳು:

"ಸ್ವಾಮಿ, ಇಷ್ಟು ವರ್ಷ ನನ್ನ ಹತ್ರ ಇಟ್ಟಿದ್ದ ಮೂಗಿಗೆ ವಂದನೆ. ಈಗ ಜೆಮ್ಮಾಳ ಮೂಗಿಗೆ ವಂದನೆ. ಈ ವಿನೆಗರಿಗೂ ವಂದನೆ; ಇದರ ಹುಳಿ ನನ್ನ ನಾಲಿಗೆಗೆ ಇನ್ನೂ ತಿಳಿಯುತ್ತೆ."

ಪ್ರಿಯರೇ, ನಿಮ್ಮಿಂದಲೂ ಏನೋ ಒಂದು ಕಳೆದುಹೋಗಿರಬಹುದು. ಅದನ್ನು ಮನೆಯವರಿಂದ ಮುಚ್ಚಿಟ್ಟಿರಲೂಬಹುದು. ಇಂದು ಊಟಕ್ಕೆ ಕುಳಿತಾಗ ಅದನ್ನು ಹೇಳಿಬಿಡಿ. ಆಮೇಲೆ, ಅದನ್ನು ಇಷ್ಟು ದಿನ ಕೊಟ್ಟಿದ್ದ ದೇವರಿಗೂ, ನಿಮ್ಮ ಪಾಲಿನ ಕೆಲಸಕ್ಕೆ ಕೈಜೋಡಿಸುವವರಿಗೂ, ಹೆಸರು ಹಿಡಿದು ವಂದನೆ ಸಲ್ಲಿಸಿರಿ.